ಸಿಡ್ನಿಗೆ ಬರುವ ತಂಡ ಯಾವ ಮನೆಯಲ್ಲಿ ಇರುತ್ತದೆ?

ಅಮೆರಿಕನ್ ಫುಟ್‌ಬಾಲ್ ಲೀಗಿನ ಸಾಗರೋತ್ತರ ತಂಡದ ಉಸ್ತುವಾರಿ ಹೊತ್ತ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಸಿಡ್ನಿಗೂ ಮೆಲ್ಬರ್ನ್‌ಗೂ ಸೇರಿ ಒಂದು ವೃತ್ತಿಪರ ತಂಡ ತರುತ್ತೇವೆ ಎಂದು ನೀವು ಘೋಷಿಸಿದ್ದೀರಿ. ನಾನು ಅದನ್ನು ನಂಬುವುದಿಲ್ಲ. ನಂಬದವಳು ಸುಮ್ಮನಿರಬಹುದಿತ್ತು. ಆದರೆ ನನ್ನ ಅಣ್ಣ ಯತೀಶ್ ನಂಬಿದ್ದಾನೆ. ಬರುವ ಶುಕ್ರವಾರ ನಿಮ್ಮ ಮಾತನ್ನು ನೆಚ್ಚಿಕೊಂಡು ಕೆಲಸಕ್ಕೆ ರಾಜೀನಾಮೆ ಕೊಡಲಿದ್ದಾನೆ. ಇಂಗ್ಲಿಷ್‌ನಲ್ಲಿ ಕಳಿಸಿದ ಇಮೇಲ್‌ಗಳಿಗೆಲ್ಲ ನಿಮ್ಮ ಕಂಪ್ಯೂಟರ್ 'ನಿಮ್ಮ ಉತ್ಸಾಹಕ್ಕೆ ಧನ್ಯವಾದ' ಎಂದು ತಾನೇ ಉತ್ತರ ಬರೆಯಿತು. ಕನ್ನಡದಲ್ಲಿ ಬರೆದರೆ ಅದೂ ಬರಲಾರದು, ಗೊತ್ತು. ಇಲ್ಲಿನ ನಮ್ಮ ಕನ್ನಡ ಸಂಘದ ವೆಬ್‌ಸೈಟ್ ಓದುವವರಿಗಾದರೂ ನಿಮ್ಮ ವರಸೆ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದ ಹುಡುಗಿ ಗೊಣಗುತ್ತಿದ್ದಾಳೆ ಎಂದುಕೊಳ್ಳಬೇಡಿ. ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ನಮ್ಮವರ ನಡುವೆ, ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡಿಗಾಗಿ ಡಿಕ್ಕಿ ಹೊಡೆದುಕೊಳ್ಳುವ ನಿಮ್ಮ ಆಟವನ್ನು ಹಚ್ಚಿಕೊಂಡವಳು ನಾನು. ಇಂಟರ್ನೆಟ್ಟಿನ ಚರ್ಚಾಕಟ್ಟೆಯಲ್ಲಿ ನನ್ನಂಥವರದೇ ಒಂದು ಗುಂಪಿದೆ. ನಮ್ಮಲ್ಲಿ ಒಂದು ಪದ್ಧತಿಯೂ ಇದೆ. ಅಮೆರಿಕದಲ್ಲಿ ಭಾನುವಾರ ಮಧ್ಯಾಹ್ನ ನಡೆಯುವ ಪಂದ್ಯ ನಮಗೆ ಸೋಮವಾರ ಬೆಳಿಗ್ಗೆ ಕಾಣುತ್ತದೆ. ಹಾಗಾಗಿ ದೊಡ್ಡ ಪಂದ್ಯವಿದ್ದ ಸೋಮವಾರ ಗುಂಪಿನ ಅರ್ಧ ಜನಕ್ಕೆ ಒಟ್ಟಿಗೇ ಹೊಟ್ಟೆ ಕೆಡುತ್ತದೆ, ಆಫೀಸಿಗೆ ಫೋನ್ ಹೋಗುತ್ತದೆ. ಸೋಮವಾರವೇ ಫುಟ್‌ಬಾಲಿನ ದಿನ ಎಂಬುದು ನಮ್ಮ ರಕ್ತಕ್ಕೆ ಇಳಿದುಬಿಟ್ಟಿದೆ.

ಆ ರಕ್ತವನ್ನೇ ನೀವು ಬಳಸಿಕೊಂಡಿರಿ. ನೀವು ಸಿಡ್ನಿಯಲ್ಲಿ ಕರೆದಿದ್ದ ಅಭಿಮಾನಿಗಳ ಸಭೆಗೆ ನಾನೂ ಬಂದಿದ್ದೆ. ನಿಮ್ಮ ಪರವಾಗಿ ಮೈಕ್ ಹಿಡಿದವರು ನಗುತ್ತಾ, "ನೀವು ಫುಟ್‌ಬಾಲ್ ನೋಡುವ ದಿನ ಯಾವುದು?" ಎಂದರು. ನಾವೆಲ್ಲ ಕೈ ಎತ್ತಿ "ಮಂಡೇ!" ಎಂದು ಕೂಗಿದೆವು. ನನ್ನ ಪಕ್ಕದಲ್ಲಿ ಕೂತಿದ್ದ, ಊರಾಚೆಯ ಸ್ಕೋಫೀಲ್ಡ್ಸ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದ ನಮ್ಮ ಗುಂಪಿನ ಭಾಸ್ಕರ ಎರಡೂ ಕೈ ಎತ್ತಿದ. "ಏಯ್, ನಿನ್ ಮ್ಯಾನೇಜರ್ ಇಲ್ಲೇ ಎಲ್ಲಾದ್ರೂ ಕೂತಿದ್ರೆ?" ಎಂದೆ. "ಕೂತಿದ್ರೆ ಅವನೂ ಕೈ ಎತ್ತಿರ್ತಾನೆ ಬಿಡು" ಎಂದ.

ಎರಡೇ ವಾರದಲ್ಲಿ ನಿಮ್ಮ ಪ್ರಕಟಣೆ ಬಂತು. 'ಅಭಿಮಾನಿಗಳ ಒಕ್ಕೊರಲ ಅಪೇಕ್ಷೆಯಂತೆ' ತಂಡದ ತವರಿನ ಪಂದ್ಯಗಳು ಸೋಮವಾರ ಬೆಳಿಗ್ಗೆ ಏಳಕ್ಕೆ! ಮಾನ್ಯರೇ, ನಾವು ಹೇಳಿದ್ದು ಟೀವಿಯಲ್ಲಿ ನೋಡುವ ದಿನ. ಅಲ್ಲಿಯವರು ಆಡುತ್ತಾರೆ, ನಾವು ನಿದ್ದೆಗೆಟ್ಟು ನೋಡುತ್ತೇವೆ, ಬೇರೆ ಗತಿಯಿಲ್ಲ. ನಮ್ಮ ಊರಲ್ಲೇ ಆಡುವ ತಂಡಕ್ಕೆ ಶನಿವಾರ ಮಧ್ಯಾಹ್ನ ಇಲ್ಲವೇ? ಮಾರ್ಟ್‌ಗೇಜ್ ಕಟ್ಟುವ ಯಾವ ಮನುಷ್ಯ ಸೋಮವಾರ ಬೆಳಗಾಗುವಷ್ಟರಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ಸ್ಟೇಡಿಯಂಗೆ ಬರುತ್ತಾನೆ? ಇದು ನಿಮಗೆ ಹೊಳೆಯಲಿಲ್ಲವೇ? ಹೊಳೆದಿದೆ ಎಂಬುದೇ ನನ್ನ ಅನುಮಾನ. ಸೀಟು ತುಂಬುವುದು ನಿಮಗೆ ಬೇಕಾಗಿಯೇ ಇಲ್ಲ.

ಅನುಮಾನ ಹುಟ್ಟಿದ ಮೇಲೆ ಚರ್ಚಾಕಟ್ಟೆಯವರು ಸುಮ್ಮನಿರುತ್ತಾರೆಯೇ? ನೀವು ಇಲ್ಲಿಗೆ ತರುತ್ತೇವೆನ್ನುವ ತಂಡ ಈಗ ಇರುವ ಅಮೆರಿಕದ ಊರಿನ ಪತ್ರಿಕೆಯ ಒಂದು ಸುದ್ದಿಯನ್ನು ಭಾಸ್ಕರ ಹುಡುಕಿ ತಂದು ಹಾಕಿದ. ಅಲ್ಲಿನ ನಗರಸಭೆ ಹೊಸ ಸ್ಟೇಡಿಯಂ ಕಟ್ಟಿಕೊಡಲು ಒಪ್ಪುತ್ತಿಲ್ಲವಂತೆ. ನಿಮ್ಮ ಕಡೆಯವರು ಸಭೆಯಲ್ಲಿ ಎದ್ದು ನಿಂತು, "ಸಿಡ್ನಿ ನಮ್ಮನ್ನು ಕೈಬೀಸಿ ಕರೆಯುತ್ತಿದೆ" ಎಂದರಂತೆ. ಪಕ್ಕದಲ್ಲಿ ಫೋಟೋ. ಯಾರದು? ನಮ್ಮದು! ಎತ್ತಿದ ಕೈಗಳು! ನಾವು ಕಾಯಿಲೆಯ ನೆಪದ ತಮಾಷೆಗೆ ಎತ್ತಿದ ಕೈಗಳನ್ನು ತೋರಿಸಿ ನೀವು ಆ ಊರಿನವರನ್ನು ಹೆದರಿಸುತ್ತಿದ್ದೀರಿ. ಅವರು ಒಪ್ಪಿದರೆ ತಂಡ ಅಲ್ಲೇ ಉಳಿಯುತ್ತದೆ. ಒಪ್ಪದಿದ್ದರೆ ಸೋಮವಾರ ಬೆಳಗಿನ ಖಾಲಿ ಸ್ಟೇಡಿಯಂ ತೋರಿಸಿ, 'ಆಸ್ಟ್ರೇಲಿಯಾದವರಿಗೆ ಆಸಕ್ತಿಯೇ ಇಲ್ಲ' ಎಂದು ಇನ್ನೊಂದು ಊರಿಗೆ ಹೋಗಬಹುದು. ಎರಡೂ ಕಡೆ ಗೆಲ್ಲುವವರು ನೀವೇ. ಇದರಲ್ಲಿ ನಾನೆಲ್ಲಿ ತಪ್ಪಿದ್ದೇನೆ, ಹೇಳಿ.

ನಿಮ್ಮ 'ಆಸ್ಟ್ರೇಲಿಯಾ ಕೇಂದ್ರ ಕಚೇರಿ'ಯನ್ನೂ ಕಂಡು ಬಂದೆ. ಅದು ಮ್ಯಾಕ್ವೆರಿ ಪಾರ್ಕ್‌ನಲ್ಲಿ ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕಟ್ಟಡದ ಕೆಳಗಿನ ಮಹಡಿಯಲ್ಲೇ ಇದೆ, ನಿಮಗಿದು ಗೊತ್ತಿರಲಾರದು. ಊಟದ ಬಿಡುವಿನಲ್ಲಿ ಇಳಿದೆ. ಒಂದು ಮೇಜು, ಅದರ ಮೇಲೊಂದು ಹೆಲ್ಮೆಟ್. ಹೆಲ್ಮೆಟ್ ಒಳಗೆ ಯಾರೋ ಮಿಂಟ್ ಚಾಕಲೇಟ್ ತುಂಬಿಟ್ಟಿದ್ದರು. ಅಲ್ಲಿದ್ದ ರಿಸೆಪ್ಷನಿಸ್ಟ್ ಮಧುರಾ ಅವರು ನಮ್ಮ ಮೈಸೂರಿನವರೇ ಎಂದು ಅಂದೇ ಗೊತ್ತಾಯಿತು.

"ಆಟಗಾರರಿಗೆ ಮನೆಗಿನೆ ನೋಡ್ತಿದಾರಾ ಆಂಟಿ? ರೆಂಟ್‌ಗೆ?" ಎಂದು ಕೇಳಿದೆ.

"ಮನೆನಾ? ಇಲ್ಲಪ್ಪ. ನಾನು ಪಕ್ಕದ ಕಿವಿ ಮೆಷಿನ್ ಕಂಪನಿಗೂ ಇಲ್ಲಿಂದಾನೇ ಫೋನ್ ತಗೊಳ್ಳೋದು. ಅವ್ರಿಗಾದ್ರೂ ದಿನಾ ಯಾರಾದ್ರೂ ಬರ್ತಾರೆ."

"ಮತ್ತೆ ಇವ್ರಿಗೆ?"

"ನೀನೇ ಮೊದಲ್ನೇವ್ಳು. ಚಾಕಲೇಟ್ ತಗೋ."

ತಂಡ ಒಂದು ಊರಿನದು ಎನ್ನಿಸಿಕೊಳ್ಳುವುದು ಹೇಗೆ? ಆಟಗಾರರು ಅಲ್ಲಿ ಬಾಡಿಗೆಗೆ ಇರಬೇಕು, ಟ್ರಾಫಿಕ್ಕಿಗೆ ಬೈಯಬೇಕು, ಮಕ್ಕಳನ್ನು ಪಕ್ಕದ ಶಾಲೆಗೆ ಸೇರಿಸಬೇಕು, ಸೋತ ಮರುದಿನ ಅಂಗಡಿಯಲ್ಲಿ ನಮ್ಮ ಕೈಗೆ ಸಿಕ್ಕಿಬಿದ್ದು ಬೈಸಿಕೊಳ್ಳಬೇಕು. ಬಿಳಿ ಗೆರೆ ಎಳೆದು ಕ್ಯಾಮೆರಾ ನಿಲ್ಲಿಸಿದ ಮಾತ್ರಕ್ಕೆ ತವರು ಆಗುತ್ತದೆಯೇ?

ಈಗ ಅಣ್ಣನ ವಿಷಯ. ಯತೀಶ್ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿದ್ದಾನೆ. ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ಓಡುವವನ ಸೊಂಟಕ್ಕೆ ಕೈ ಹಾಕಿ ಕೆಡವುವುದು ಅವನಿಗೆ ಹೊಸತಲ್ಲ. ಅಲ್ಲಿನ ಹವ್ಯಾಸಿ ಕ್ಲಬ್ಬೊಂದು ಅವನನ್ನು ಸೇರಿಸಿಕೊಂಡಿತು. ನೀವು ಸ್ಥಳೀಯರಿಗಾಗಿ ನಡೆಸಿದ ಆಯ್ಕೆಯಲ್ಲಿ ಅವನ ಹೆಸರೂ ಬಂತು. ನಿಜವಾಗಿ ಹೇಳುತ್ತೇನೆ, ಆ ದಿನ ನಾನು ಆಫೀಸಿನ ಟಾಯ್ಲೆಟ್‌ಗೆ ಹೋಗಿ ಒಬ್ಬಳೇ ಕುಣಿದೆ. ಆಮೇಲೆ ನಿಮ್ಮ ಷರತ್ತು ಓದಿದೆ. ಎರಡು ತಿಂಗಳ ಶಿಬಿರ, ಅಷ್ಟು ದಿನ ಬೇರೆ ಉದ್ಯೋಗ ಇರಬಾರದು, ಶಿಬಿರದ ನಂತರ ತಂಡಕ್ಕೆ ತೆಗೆದುಕೊಳ್ಳುವ ಭರವಸೆ ಇಲ್ಲ.

ನಮ್ಮ ದೇಶದಿಂದ ಬಂದವನಿಗೆ ಉದ್ಯೋಗ ಎಂದರೆ ಏನೆಂದು ನಿಮಗೆ ಗೊತ್ತೇ? ಅಣ್ಣನ ವೀಸಾ ಅವನ ಕಂಪನಿಯ ಸ್ಪಾನ್ಸರ್‌ಶಿಪ್ ಮೇಲೆ ನಿಂತಿದೆ. ಕೆಲಸ ಬಿಟ್ಟರೆ ನಾಲ್ಕು ವಾರದೊಳಗೆ ಬೇರೆ ಸ್ಪಾನ್ಸರ್ ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಇಲ್ಲೇ ಕಾಯಂ ಆಗಿ ನೆಲೆಸಲು ಅದೇ ಕಂಪನಿಯ ಮೂಲಕ ಹಾಕಿದ ಪಿಆರ್ ಅರ್ಜಿಯೂ ಬಿದ್ದುಹೋಗುತ್ತದೆ. ಅತ್ತಿಗೆ ಪ್ರಾರ್ಥನಾ ಅವರ ವೀಸಾ ಅಣ್ಣನ ವೀಸಾಕ್ಕೆ ಜೋತುಬಿದ್ದಿದೆ. ನಿಮ್ಮ ಶಿಬಿರ ಅವನಿಗೆ ವೀಸಾ ಕೊಡಿಸುತ್ತದೆಯೇ ಎಂದು ಕೇಳಿದ್ದಕ್ಕೇ 'ಉತ್ಸಾಹಕ್ಕೆ ಧನ್ಯವಾದ' ಬಂದದ್ದು.

ಮೊನ್ನೆ ಫೋನಿನಲ್ಲಿ ಅಣ್ಣನಿಗೆ ಎಲ್ಲ ಹೇಳಿದೆ. ನಗರಸಭೆ, ಫೋಟೋ, ಖಾಲಿ ಆಫೀಸು.

"ಗಾನವಿ, ನಿಮ್ ಇಂಟರ್ನೆಟ್ ಜನಕ್ಕೆ ಎಲ್ಲದ್ರಲ್ಲೂ ಮೋಸಾನೇ ಕಾಣತ್ತೆ" ಎಂದ.

"ಅಲ್ಲ ಕಣೋ, ಆ ಟೀಮ್ ಬರಲ್ಲ!"

"ಬಂದ್ರೆ? ನಂಗೀಗ ಇಪ್ಪತ್ತೇಳು. ಇನ್ನೆರಡ್ ವರ್ಷಕ್ಕೆ ಯಾರ್ ಕರೀತಾರೆ ನನ್ನ? ಅವ್ರು ಕರೆದಿದಾರೆ ಕಣೇ. ಹೆಸರು ಹಿಡಿದು ಕರೆದಿದಾರೆ."

ಫೋನನ್ನು ಅತ್ತಿಗೆಗೆ ಕೊಡಲು ಹೇಳಿದೆ. ಅವರಾದರೂ ತಡೆಯುತ್ತಾರೆ ಎಂಬ ಆಸೆ.

"ನಾನು ಹೂಂ ಅಂದ್ಬಿಟ್ಟಿದೀನಿ" ಎಂದರು ಅತ್ತಿಗೆ.

"ಅತ್ತಿಗೆ! ನಿಮಗೆ ನಂಬಿಕೆ ಇದೆಯಾ?"

ಅವರು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡದ್ದು ಕೇಳಿಸಿತು. "ಒಂಚೂರೂ ಇಲ್ಲ. ಆದ್ರೆ ಬೇಡ ಅಂದು, ನಾಳೆ ಆ ಟೀಮ್ ಬಂದ್‌ಬಿಟ್ರೆ? ಟೀವಿ ಹಾಕಿದಾಗೆಲ್ಲ ಇವ್ರು ನನ್ ಮುಖ ನೋಡ್ತಾರೆ. ಬೈಯಲ್ಲ, ಸುಮ್ನೆ ನೋಡ್ತಾರೆ. ನನ್ ಕೈಲಿ ಆಗಲ್ಲಮ್ಮ. ನೀನೇ ಹೇಳು."

ನಾನು ಹೇಳಿದ್ದಾಯಿತು. ಅಣ್ಣ ಕೇಳಲಿಲ್ಲ.

ಹಾಗಾಗಿ, ಮಾನ್ಯರೇ, ತಂಡ ಕೊಡಿ ಎಂದು ನಾನು ಕೇಳುತ್ತಿಲ್ಲ. ಇದೇ ವರ್ಷ ಯುರೋಪಿನಲ್ಲಿದ್ದ ಇಂಥ ತಂಡಗಳಿಗೆ ಬೀಗ ಬಿದ್ದದ್ದನ್ನು ನೋಡಿದ್ದೇವೆ, ಅತ್ತು ಮುಗಿಸಿದ್ದೇವೆ. ಶುಕ್ರವಾರಕ್ಕೆ ಮುಂಚೆ ನೀವು ಅಣ್ಣನಿಗೆ ಒಂದು ಫೋನ್ ಮಾಡಬೇಕು, ಅಷ್ಟೇ. ತಂಡ ನಿಜವಾಗಿ ಬರುವುದಾದರೆ ಅಣ್ಣನ ವೀಸಾ ಯಾರ ಹೊಣೆ ಎಂದು ಬರೆದುಕೊಡಿ. ಬರುವುದಿಲ್ಲವಾದರೆ ಅವನಿಗೆ ಸುಳ್ಳನ್ನೇ ಹೇಳಿ, ಪರವಾಗಿಲ್ಲ. ನಿನ್ನ ಎತ್ತರ ಸಾಲದು ಎನ್ನಿ. ನಿನ್ನ ಕಾಲು ನಿಧಾನ ಎನ್ನಿ. ಬೇಜಾರು ಮಾಡಿಕೊಂಡು ನಾಲ್ಕು ದಿನ ಮಾತು ಬಿಡುತ್ತಾನೆ, ಆಮೇಲೆ ಎದ್ದು ತನ್ನ ಕ್ಲಬ್ಬಿಗೆ ಹೋಗುತ್ತಾನೆ. ನಮ್ಮ ಮನೆಯವರಲ್ಲಿ ಅವನಿಗೆ ಬೇಡ ಎನ್ನುವ ಧೈರ್ಯ ಒಬ್ಬರಿಗಿಲ್ಲ, ಇನ್ನೊಬ್ಬರ ಮಾತು ಅವನ ಕಿವಿಗೆ ಹೋಗುವುದಿಲ್ಲ. ಹೆಸರು ಹಿಡಿದು ಕರೆದವರು ನೀವು. ಬೇಡ ಎಂಬ ಮಾತನ್ನೂ ಹಾಗೆಯೇ ಹೆಸರು ಹಿಡಿದು ನೀವೇ ಹೇಳಬೇಕು.

ಇಂತಿ,
ನಿಮ್ಮನ್ನು ನಂಬಲಾಗದ, ನಿಮ್ಮ ಆಟವನ್ನು ಬಿಡಲೂ ಆಗದ
ಗಾನವಿ
ಸಿಡ್ನಿ, ೨೦೦೭