ಆರನೇ ನಿಮಿಷದ ಗುಟುಕು

ಮಾರ್ಚ್ 3

ಬೆಳಗ್ಗೆ ವಾಲ್ವ್ ಟೆಸ್ಟ್. ಹದಿನಾಲ್ಕು ದಿನಕ್ಕೊಮ್ಮೆ ಬರುವ ತಲೆನೋವು. ನಾವು ಕೊರೆಯುತ್ತಿರುವ ಎಣ್ಣೆ ಬಾವಿ ಈಗ ಐದು ಸಾವಿರ ಮೀಟರ್ ಆಳ. ಕೆಳಗಿನಿಂದ ಗ್ಯಾಸ್ ನುಗ್ಗಿದರೆ ಬಾವಿಯ ಬಾಯಿ ಮುಚ್ಚಬೇಕಾದದ್ದು ಇದೊಂದೇ ವಾಲ್ವ್. ಮುಚ್ಚಿ, ಪಂಪಿನಿಂದ ಪ್ರೆಶರ್ ತುಂಬಿ, ಹತ್ತು ನಿಮಿಷ ಕಾಯುವುದು. ದುಂಡನೆ ಕಾಗದದ ಮೇಲೆ ಮುಳ್ಳು ಗೆರೆ ಎಳೆಯುತ್ತದೆ. ಗೆರೆ ಇಳಿಯದಿದ್ದರೆ ನನ್ನ ಸೈನ್.

ಆರನೇ ನಿಮಿಷಕ್ಕೆ ಇಳಿಯತೊಡಗಿತು. ಪಂಪಿನ ಹತ್ತಿರ ಭಾವಮೈದ — ಹೆಂಡತಿಯ ತಮ್ಮ, ಇದೇ ರಿಗ್‌ನಲ್ಲಿ ಬಾವಿ ಕೊರೆಯುವ ಡ್ರಿಲ್ಲರ್. ನನ್ನ ಮುಖ ನೋಡಿದ. "ಕೊಡು" ಎಂದೆ. ಒಂದು ಗುಟುಕು ಕೊಟ್ಟ. ಪ್ರೆಶರ್ ಸೋರಿದಾಗ ಪಂಪಿನಿಂದ ಚೂರು ತುಂಬಿಸುವುದಕ್ಕೆ ನಮ್ಮಲ್ಲಿ ಹಾಗೆಯೇ ಅನ್ನುವುದು. ಎಲ್ಲರೂ ಕೊಡುತ್ತಾರೆ. ಗೆರೆ ನೆಟ್ಟಗಾಯಿತು.

"ಭಾವ, ಒಳಗಿನ ರಬ್ಬರ್ ಹೋಗಿದೆ ಅನ್ಸುತ್ತೆ. ಬಿಚ್ಚಿ ನೋಡೋಣ."

"ಬಿಚ್ಚಿದ್ರೆ ಎರಡು ದಿನ ಕೆಲಸ ನಿಲ್ಲುತ್ತೆ. ಆ ಗಡಿಯಾರ ನನ್ನ ತಿಂದುಹಾಕ್ತಾನೆ. ಮುಂದಿನ ಸಲ ನೋಡೋಣ ಬಿಡು."

ಗಡಿಯಾರ ಅಂದರೆ ನಮ್ಮ ಮ್ಯಾನೇಜರ್. ಯಾರ ಜೊತೆ ಮಾತಾಡಿದರೂ ಕಣ್ಣು ಮಾತ್ರ ಮಣಿಕಟ್ಟಿನ ಮೇಲೆ. ಸೈನ್ ಹಾಕಿದೆ. ಟೀ ತಣ್ಣಗಾಗಿತ್ತು, ಅಡುಗೆಯವನಿಗೆ ಬೈದೆ.

ಮಾರ್ಚ್ 4

ಕೆಲಸ. ಸೊಂಟ ನೋವು. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 13

ಇಷ್ಟು ದಿನ ಡೈರಿ ಮುಟ್ಟಿರಲಿಲ್ಲ. ಇವತ್ತು ಬರೆಯುತ್ತೇನೆ.

ಏಳನೇ ತಾರೀಖು ಮಧ್ಯಾಹ್ನ. ಕ್ಯಾಂಪಿನಲ್ಲಿ ಊಟಕ್ಕೆ ಕೂತಿದ್ದೆ. ಗ್ಯಾಸ್ ನುಗ್ಗಿತು. ಭಾವಮೈದ ವಾಲ್ವ್ ಮುಚ್ಚುವ ಬಟನ್ ಒತ್ತಿದ. ವಾಲ್ವ್ ಮುಚ್ಚಿತು — ಆದರೆ ಹಿಡಿಯಲಿಲ್ಲ. ಬೆಂಕಿ. ಉಳಿದವರನ್ನೆಲ್ಲ ರಿಗ್‌ನಿಂದ ಇಳಿಸಿ ಕೊನೆಗೆ ಇಳಿದವನು ಅವನು. ಎರಡೂ ಕೈ, ಎದೆ ಸುಟ್ಟಿದೆ. ಜೀವಕ್ಕೆ ಅಪಾಯವಿಲ್ಲ ಎಂದರು.

ವಾಲ್ವ್ ಸುಟ್ಟು ಕರಕಲು. ಬಿಚ್ಚಿ ನೋಡಲು ಏನೂ ಇಲ್ಲ. ಉಳಿದದ್ದು ನನ್ನ ದುಂಡು ಕಾಗದ.

ಕ್ಯಾಂಪಿನ ಗೇಟ್ ಮುಚ್ಚಿದ್ದಾರೆ. ವಿಚಾರಣೆ ಮುಗಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ರೂಮು ಅಂದರೆ ತಗಡಿನ ಡಬ್ಬ. ಎಂಟು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಅಳೆದಿದ್ದೇನೆ, ಬೇರೆ ಕೆಲಸವೇನಿದೆ.

ಮಾರ್ಚ್ 14, ಬೆಳಗ್ಗೆ

ಆಸ್ಪತ್ರೆಯಿಂದ ಹೆಂಡತಿಯ ಫೋನ್.

"ಇವನು ಬಟನ್ ಒತ್ತೋಕೆ ತಡ ಮಾಡ್ದ ಅಂತ ಎಲ್ರೂ ಅಂತಿದಾರೆ. ನಿಜಾನೇನ್ರೀ? ವಾಲ್ವ್ ಟೆಸ್ಟ್ ಮಾಡಿದ್ದು ನೀವಲ್ವಾ. ನೀವು ಹೇಳಿದ್ರೆ ನಂಬ್ತೀನಿ."

"ಸಿಗ್ನಲ್ ಇಲ್ಲ, ಆಮೇಲೆ ಮಾಡ್ತೀನಿ" ಎಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ನಾಚಿಕೆಯಾಗುತ್ತಿದೆ.

ಮಾರ್ಚ್ 16

ವಿಚಾರಣೆ. ಮೂವರು ಸಾಹೇಬರು, ಒಂದು ಮೇಜು, ನನ್ನ ಕಾಗದ. ಆರನೇ ನಿಮಿಷದ ಹತ್ತಿರ ಗೆರೆಯಲ್ಲಿ ಸಾಸಿವೆಯಷ್ಟು ಉಬ್ಬು. ನನ್ನ ಕಣ್ಣಿಗೆ ಮಾತ್ರ ಬೀಳುತ್ತದೆ. ಒಬ್ಬರು ಅದರ ಮೇಲೆಯೇ ಬೆರಳಿಟ್ಟುಕೊಂಡು ಕೇಳಿದರು, ಏನೂ ಗೊತ್ತಿಲ್ಲದೆ.

"ವಾಲ್ವ್ ಸರಿ ಇತ್ತಾ?"

ಗಡಿಯಾರ ಮೂಲೆಯಲ್ಲಿ ಕೂತಿದ್ದ. ಇದೇ ಮೊದಲ ಸಲ ಮಣಿಕಟ್ಟು ಬಿಟ್ಟು ನನ್ನನ್ನು ನೋಡಿದ.

"ಸರಿ ಇತ್ತು ಸರ್."

ನಾಲ್ಕು ನಿಮಿಷಕ್ಕೆ ಮುಗಿಯಿತು.

ಮಾರ್ಚ್ 19

ಗಡಿಯಾರ ರೂಮಿಗೆ ಬಂದ. ಕೈಯಲ್ಲಿ ಗೇಟ್ ಪಾಸ್, ಒಂದು ಕಾಗದ. ಸಾಹೇಬರು ಆಸ್ಪತ್ರೆಗೂ ಹೋಗಿದ್ದರಂತೆ. ಭಾವಮೈದ ಹೇಳಿದ್ದು ಒಂದೇ ಮಾತಂತೆ: "ನಮ್ಮ ಭಾವನ್ನ ಕೇಳಿ. ಅವ್ರು ಏನ್ ಹೇಳ್ತಾರೋ ಅದಕ್ಕೆ ನಂದೂ ಒಪ್ಪಿಗೆ."

"ನೀವು ಹೇಳಿದ್ದನ್ನೇ ಹಿಡ್ಕೊಂಡ್ರು," ಎಂದ ಗಡಿಯಾರ. "ವಾಲ್ವ್ ಸರಿ ಇತ್ತು ಅಂದ್ಮೇಲೆ ತಡ ಮಾಡಿದ್ದು ಅವನೇ ಅಲ್ವಾ? ಹಾಗಂತ ಅವನ ಹೇಳಿಕೆ ಬರ್ದಿದಾರೆ. ಎರಡೂ ಕೈಗೆ ಬ್ಯಾಂಡೇಜು, ಸೈನ್ ಮಾಡೋಕಾಗಲ್ಲ. ಹತ್ತಿರದ ನೆಂಟರು ಅವನ ಪರವಾಗಿ ಮಾಡ್ಬಹುದು. ನಿಮ್ಮ ಮನೆಯವರು ನಿಮ್ಮ ಹೆಸರೇ ಹೇಳಿದಾರೆ."

ಭಾವಮೈದನಿಗೆ ಎಲ್ಲ ಗೊತ್ತು. ಪಂಪು ಹಿಡಿದವನೇ ಅವನು. ಒಂದು ಮಾತು ಆಡಿದ್ದರೆ ಬಚಾವಾಗುತ್ತಿದ್ದ. ಆಡಲಿಲ್ಲ. ನನಗೇ ಬಿಟ್ಟ. ಅದಕ್ಕೆ ಅವನ ಮೇಲೆಯೇ ಸಿಟ್ಟು ಬರುತ್ತಿದೆ... ಎಂಥ ಮನುಷ್ಯ ನಾನು.

ಮಾರ್ಚ್ 20, ಬೆಳಗ್ಗೆ 11

ಆಸ್ಪತ್ರೆ. ವಾರ್ಡಿನ ಹೊರಗೆ ಬೆಂಚು. ಕಾಗದ ತೊಡೆಯ ಮೇಲೆ. 'ಬಟನ್ ಒತ್ತಲು ನಾನು ತಡ ಮಾಡಿದೆ.' ಕೆಳಗೆ ಖಾಲಿ ಜಾಗ. ಸೈನ್ ಬಿದ್ದರೆ ಅವನ ಮೇಲೆ ಕೇಸು. ಮತ್ತೆಂದೂ ರಿಗ್ ಹತ್ತುವಂತಿಲ್ಲ. ಬೀಳದಿದ್ದರೆ ಅನುಮಾನ ವಾಲ್ವ್ ಕಡೆ ತಿರುಗುತ್ತದೆ, ಕೇಸು ನನ್ನ ಮೇಲೆ.

ಒಳಗೆ ಇವಳು ಅವನಿಗೆ ಚಮಚದಲ್ಲಿ ನೀರು ಕುಡಿಸುತ್ತಾ ಬೈಯುತ್ತಿದ್ದಾಳೆ. ಇಲ್ಲಿಗೇ ಕೇಳಿಸುತ್ತಿದೆ.

"ಒಂದು ಬಟನ್ ಒತ್ತೋಕೆ ಏನೋ ಧಾಡಿ ನಿಂಗೆ? ನಿಮ್ಮ ಭಾವ ಇನ್ನು ಅಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೋ?"

"ತಪ್ಪಾಯ್ತಕ್ಕ."

ಇದೇ ಮಾತು ಮೂರು ಸಲ ಹೇಳಿದ. ಮೂರು ಸಲವೂ ತಣ್ಣಗೆ.

ಆಗುವುದಿಲ್ಲ. ಈ ಸೈನ್ ನನ್ನಿಂದ ಆಗುವುದಿಲ್ಲ. ಸಾಹೇಬರಿಗೆ ಆಮೇಲೆ. ಮೊದಲು ಇವಳಿಗೆ ಹೇಳಬೇಕು, ಅವನ ಎದುರಿಗೇ. ನರ್ಸ್ ಬಾಗಿಲು ತೆಗೆದು ಕರೆಯುತ್ತಿದ್ದಾರೆ. ಹೇಗೆ ಶುರು ಮಾಡಲಿ... ಬೈಬೇಡ ಕಣೇ ಅವನಿಗೆ. ಅವನು ತಡ ಮಾಡಲಿಲ್ಲ. ನಾನು