ಜೋಖನ್ ಚಾಚಾನ ಹಾಜರಿ

ಜನವರಿ ಎಂಟು, ರಾತ್ರಿ ಹನ್ನೊಂದೂವರೆ. ಕಂಬಳಿಯೊಳಗೆ ಮುಖ ಹುದುಗಿಸಿ ಫೋನಿನ ರೆಕಾರ್ಡರಿಗೆ ಪಿಸುಗುಟ್ಟುತ್ತಿದ್ದೇನೆ. ಪಕ್ಕದ ಹಾಸಿಗೆ ಇನ್ನೂ ಖಾಲಿ.

ಒಂಬತ್ತಕ್ಕೆ ಈ ರೈನ್ ಬಸೇರಾದಲ್ಲಿ, ಸೂರಿಲ್ಲದವರ ಈ ರಾತ್ರಿ ತಂಗುದಾಣದಲ್ಲಿ, ಹಾಜರಿ ಕರೆದಾಗ ಪಕ್ಕದ ಹಾಸಿಗೆಯ ಸೈಕಲ್ ರಿಕ್ಷಾದ ಜೋಖನ್ ಚಾಚಾ ಬಂದಿರಲಿಲ್ಲ. ಓಗೊಡದವರ ಹಾಸಿಗೆ ಬಾಗಿಲಲ್ಲಿ ಕಾದವರ ಪಾಲು. ಅದಕ್ಕೇ ನಾನು ಕಂಬಳಿಯೊಳಗಿಂದ ಅವರ ಹಾಗೆ ಕೆಮ್ಮಿ, "ಇದೀನಪ್ಪಾ" ಅಂದುಬಿಟ್ಟೆ.

ಬಾಗಿಲಲ್ಲೇ ನಿಂತು ಹೆಸರು ಕೂಗುತ್ತಿದ್ದ ಉಸ್ತುವಾರಿಯ ಶಕೀಲ್ ಭಾಯಿ ನಕ್ಕರು. "ಏನ್ ಚಾಚಾ, ಇವತ್ತು ಬೇಗ ಮಲಗ್ಬಿಟ್ರಾ? ರಿಕ್ಷಾಗೂ ಕಂಬಳಿ ಹೊದಿಸಿದ್ರಾ?"

ಆಗ ನನಗೂ ನಗು ಬಂದಿತ್ತು. ಹತ್ತಕ್ಕೆ ವ್ಯಾನು ಹೊರಟಾಗಲೇ ನಾನು ಮಾಡಿದ್ದೇನೆಂದು ಹೊಳೆಯಿತು. ಬಾರದವರ ಹೆಸರು ಹಿಡಿದು ಫುಟ್‌ಪಾತು, ಸೇತುವೆಯ ಕೆಳಗೆಲ್ಲ ಹುಡುಕಿ ಕರೆತರುವ ವ್ಯಾನು ಅದು. ಪಟ್ಟಿಯಲ್ಲಿ ಚಾಚಾನ ಹೆಸರಿಲ್ಲ. ಲೆಕ್ಕದಂತೆ ಅವರು ಇಲ್ಲೇ ಬೆಚ್ಚಗೆ ಮಲಗಿದ್ದಾರಲ್ಲ.

ನಿಜ ಹೇಳಿದರೆ ಇಬ್ಬರಿಗೂ ಜಾಗವಿಲ್ಲ. ಸುಳ್ಳು ಹಾಜರಿಗೆ ಇಲ್ಲಿ ಮಾಫಿಯಿಲ್ಲ. ಈ ದಿಲ್ಲಿ ಚಳಿಯಲ್ಲಿ ನಾನೆಲ್ಲಿಗೆ ಹೋಗಲಿ? ಮೊನ್ನೆ ಚಾಚಾ ತಮ್ಮ ಉಣ್ಣೆ ಕಾಲುಚೀಲ ಬಿಚ್ಚಿ ನನಗೆ ತೊಡಿಸಿದ್ದರು. ನನ್ನೂರು ಬಿಹಾರದ ಸಿವಾನ್ ಅಂತ ಗೇಲಿ ಬೇರೆ. "ಹಾಕ್ಕೊಳೋ ಸಿವಾನಿನ ನವಾಬ. ನನ್ ಕಾಲು ಮರಗಟ್ಟಿ ಎಷ್ಟೋ ವರ್ಷ ಆಯ್ತು, ಅದಕ್ಕೇನು ಗೊತ್ತಾಗುತ್ತೆ."

ಬರಿಗಾಲಲ್ಲೇ ಪೆಡಲು ತುಳಿಯುತ್ತಿರಬಹುದು. ತುಳಿಯುತ್ತಿದ್ದರೆ ಸಾಕು.

ಹೊರಗೆ ಗುರ್ರೆನ್ನುತ್ತಿದೆ, ವ್ಯಾನು ಎರಡನೇ ಸುತ್ತಿಗೆ ಹೊರಟಿತು. ಇದೇ ಕೊನೆಯ ಸುತ್ತು. ಎದ್ದೆ. ಚಪ್ಪಲಿ ಎಲ್ಲಿ... ಇರಲಿ, ಬೇಡ.

"ಶಕೀಲ್ ಭಾಯ್! ವ್ಯಾನ್ ನಿಲ್ಸಿ! ಚಾಚಾ ಬಂದೇ ಇಲ್ಲ ಭಾಯ್, ಆಗ ಕೆಮ್ಮಿದ್ದು ನಾನು..."