ಬಣ್ಣ ಹೋದ ನೀರು

ಮಾನ್ವಿ
೧೨ ಆಗಸ್ಟ್ ೧೯೪೫

ಪ್ರೀತಿಯ ಸತ್ಯಭಾಮಕ್ಕನಿಗೆ ಜಯಾ ಮಾಡುವ ನಮಸ್ಕಾರಗಳು.

ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಊರಲ್ಲಿ ಕಾಲರಾ ಬಂದಿತ್ತು. ದೇವದುರ್ಗದವರೆಗೂ ಸುದ್ದಿ ಮುಟ್ಟಿರಬೇಕು. ನಾನು ಆರಾಮಾಗಿದ್ದೇನೆ. ಮುಚ್ಚಿದ್ದ ಶಾಲೆ ಮೊನ್ನೆ ತೆರೆಯಿತು.

ಮಳೆ ಶುರುವಾದ ವಾರ, ಬಾವಿಗಳಿಗೆ ಹಾಕಲು ರಾಯಚೂರಿನಿಂದ ನೀರು ಶುದ್ಧ ಮಾಡುವ ಪರ್ಮಾಂಗನೇಟ್ ಎಂಬ ಔಷಧ ಬಂದಿತ್ತು. ಒಂದು ಚಿಟಿಕೆ ಕೇಳಿ ಇಸಿದುಕೊಂಡು ತರಗತಿಗೆ ಒಯ್ದೆ. ಗಾಜಿನ ಲೋಟದ ನೀರಿಗೆ ಎರಡು ಹರಳು ಬಿಟ್ಟೆ. ನೇರಳೆ ಹಣ್ಣಿನ ಬಣ್ಣ ಬಂತು. ಲಿಂಬೆರಸ ಹಿಂಡಿ ಕಲಕಿದೆ. ನೋಡನೋಡುತ್ತ ಅದು ಕಂದಾಯಿತು, ಹಳದಿಯಾಯಿತು, ಕೊನೆಗೆ ಬರೀ ನೀರು. ಹುಡುಗಿಯರೆಲ್ಲ ಎದ್ದು ನಿಂತರು.

"ಮಂತ್ರ ಹಾಕಿದ್ರೇನ್ರಿ ಬಾಯಾರ?"

ಮಂತ್ರವಲ್ಲ, ಆ ಔಷಧದಲ್ಲಿ ಮ್ಯಾಂಗನೀಸ್ ಎಂಬ ಲೋಹವಿದೆ, ಬಾವಿಯಲ್ಲಾದರೆ ಕೊಳೆಯನ್ನು ಸುಡುತ್ತ ಹೀಗೇ ಬಣ್ಣ ಕಳೆದುಕೊಳ್ಳುತ್ತದೆ ಎಂದೆ. ಆ ದಿನ ನನಗಾದ ಹಿಗ್ಗು ಹೇಳತೀರದು.

ಬಟ್ಟೆ ಅಂಗಡಿಯ ಸತ್ತಾರ್ ಸಾಬರ ಮಗಳು ವಾಹಿದಾ ನನ್ನ ತರಗತಿಯವಳು. ಹನ್ನೆರಡು ವರ್ಷ, ಬಲು ಚುರುಕು. ಎರಡು ದಿನದ ಮೇಲೆ ಅವರ ಓಣಿಯ ಬಾವಿಗೆ ಔಷಧ ಹಾಕಿದರು, ನೀರು ಕೆಂಪಗಾಯಿತು. ಸಂಜೆಯೊಳಗೆ ಕೆಂಪೆಲ್ಲ ಮಾಯ. ವಾಹಿದಾ ಬಗ್ಗಿ ನೋಡಿ, "ಬಣ್ಣ ಹೋಗ್ಯಾದ, ನೀರು ಚೊಕ್ಕ ಆಗ್ಯಾದ, ಸೇದ್ರಿ" ಎಂದಳಂತೆ. ಶಾಲೆ ಕಲಿತವಳ ಮಾತು ಯಾರು ತೆಗೆದುಹಾಕುತ್ತಾರೆ? ಮೊದಲ ಕೊಡ ಸೇದಿದವಳು ಅವಳ ತಾಯಿ ಹಾಜಿರಾ ಬೀ. ಮೂರನೆಯ ದಿನಕ್ಕೆ ಆಕೆ ಹೋದಳು. ಅದೇ ಓಣಿಯಲ್ಲಿ ಇನ್ನಿಬ್ಬರು.

ಅವರ ಮನೆಗೆ ಮಾತನಾಡಿಸಲು ಹೋದೆ. ಅಜ್ಜಿ ಮಹಬೂಬೀ ಹಣೆ ಬಡಿದುಕೊಳ್ಳುತ್ತಿದ್ದಳು. "ನೀವು ಒಂದು ಹೇಳಿದ್ರ ಈ ಪೋರಿ ಒಂದು ಕೇಳ್ಯಾಳ ನೋಡ್ರಿ ಬಾಯಾರ! ಹೆತ್ತ ತಾಯೀನ ತಿಂದ್ಲು!" ಬಣ್ಣ ಬೇಗ ಹೋದರೆ ಕೊಳೆ ಇನ್ನೂ ಉಳಿದಿದೆ ಎಂದರ್ಥ, ಮತ್ತೆ ಔಷಧ ಹಾಕಬೇಕು ಎಂದು ಅಲ್ಲಿದ್ದವರಿಗೆಲ್ಲ ತಿಳಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ವಾಹಿದಾಳನ್ನು ಶಾಲೆ ಬಿಡಿಸಿದ್ದಾರೆ.

ನಿಮ್ಮ ಬಾವಿಗೆ ಔಷಧ ಹಾಕಿದರೆ, ಮರುದಿನ ಬೆಳಗಿಗೂ ಕೆಂಪು ಉಳಿದಿದೆಯೇ ನೋಡು, ಅಲ್ಲಿಯವರೆಗೆ ಕುಡಿಯಬೇಡಿ. ಭಾವನವರಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಸುಖವಾಗಿರಲಿ.

ನಿನ್ನ ತಂಗಿ,
ಜಯಾ

ತಾ.ಕ.: ವಾಹಿದಾ ತಪ್ಪು ಕೇಳಿರಲಿಲ್ಲ ಅಕ್ಕಾ. ಆ ದಿನ ಗಂಟೆ ಬಾರಿಸಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ಬಣ್ಣ ಹೋದ್ರ ನೀರು ಚೊಕ್ಕ ಆದಂಗೇನ್ರಿ?" ಎಂದು ಕೇಳಿದ್ದಳು. ಲೋಟ ತೊಳೆಯುವ ಅವಸರದಲ್ಲಿ ನಾನು "ಹೂಂ" ಅಂದಿದ್ದೆ. ಅಜ್ಜಿ ಬೈಯುವಾಗ ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. "ಹೌದು ದಾದೀ, ನಾನ ತಪ್ಪ ಕೇಳೀನಿ" ಎಂದು ಅವಳೇ ತಲೆ ತಗ್ಗಿಸಿದಳು. ನಿಜ ಹೇಳಿಬಿಡಬೇಕೆಂದು ನಿನ್ನೆ ಅವರ ಮನೆಗೆ ಹೋಗಿದ್ದೆ. ವಾಹಿದಾ ಬಾಗಿಲು ತೆರೆದಳು. ಅವಳೇ ಮೆಲ್ಲಗೆ, "ನೀವು ಹೋಗ್ರಿ ಬಾಯಾರ. ನಾ ಯಾರ ಮುಂದೂ ಹೇಳಂಗಿಲ್ಲ" ಎಂದಳು.

ನಾನು ಹಿಂದಿರುಗಿ ಬಂದೆ.